ಎರಡು ಕಡ್ಡಿ

"ತಿರುಗ್ತದ ಅಂದ್ರ ತಿರುಗ್ತದ! ಇಪ್ಪತ್ತೆರಡು ವರ್ಷ ಇದನ್ನ ಬರಿಸೀನಿ, ಒಬ್ಬರೂ ಬಾಯಿ ತೆಗದಿಲ್ಲ," ಎಂದು ವಿಭಾಗದ ಮುಖ್ಯಸ್ಥ ಭೀಮಾಶಂಕರ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಎಸೆದ.

ಬಾಯಿ ತೆಗೆಯದವರಲ್ಲಿ ಕಸ್ತೂರಿಯೂ ಒಬ್ಬಳು. ಸುರಪುರದ ಈ ಕಾಲೇಜಿನಲ್ಲಿ ಅವಳು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಪ್ರತಿ ಜೂನಿನಲ್ಲೂ ಈ ಮಹಾಶಯ 'ಮುಂದುವರಿಸಬಹುದು' ಎಂದು ಬರೆದುಕೊಟ್ಟರೆ ಮಾತ್ರ ಅತಿಥಿಗೆ ಕುರ್ಚಿ. ಅವನ ಹಳದಿಗಟ್ಟಿದ ನೋಟ್ಸು ಯಾರದೋ ನಕಲು. ನಕಲು ಮಾಡುವಾಗ ಒಂದು ಸಾಲು ಜಿಗಿದು ಅರ್ಥ ತಿರುಗುಮುರುಗಾಗಿದೆ, ಅಷ್ಟೇ. ಅವನು ಹೊಸ ಪುಸ್ತಕ ಮುಟ್ಟಿದ್ದನ್ನು ಅವಳು ಕಂಡದ್ದು ಒಂದೇ ಸಲ, ಅದೂ ಚಹಾದ ಲೋಟ ಮುಚ್ಚಲು. ಅವನನ್ನು ಕಂಡರೆ ಹೇಸಿಗೆ. ಮೂರು ವರ್ಷದಿಂದ ತಲೆಯಾಡಿಸುತ್ತ ಬಂದ ತನ್ನನ್ನು ಕಂಡರೆ ಇನ್ನೂ ಹೆಚ್ಚು.

ಮೇಜಿನ ಮುಂದೆ ದೇವಾಪುರದ ವಿದ್ಯಾರ್ಥಿನಿ ಸಪ್ನಾ ನಿಂತಿದ್ದಳು. ಎರಡು ಪರಮಾಣುಗಳನ್ನು ಎರಡೆಳೆಯಲ್ಲಿ ಬಿಗಿದ ಡಬಲ್ ಬಾಂಡ್ ತಿರುಗುವುದಿಲ್ಲ ಎಂದು ಬರೆದದ್ದಕ್ಕೆ ಐದಕ್ಕೆ ಸೊನ್ನೆ. ಆ ಐದು ಸಿಗದಿದ್ದರೆ ಹುಡುಗಿ ಫೇಲು. ಎರಡನೆಯ ಮೌಲ್ಯಮಾಪಕಿಯಾಗಿ ರುಜು ಹಾಕುವ ಕಸ್ತೂರಿಗೆ ಅಂಕ ತಿದ್ದುವ ಹಕ್ಕಿತ್ತು. ಎಂದೂ ತಿದ್ದಿರಲಿಲ್ಲ.

ಸಪ್ನಾ ಚೀಲದಿಂದ ಜೋಳದ ದಂಟಿನ ಬೆಂಡು ತೆಗೆದಳು. ಊರಲ್ಲಿ ಮಕ್ಕಳು ಆಟದ ಬಂಡಿ ಮಾಡುತ್ತಾರಲ್ಲ, ಅದೇ ಬೆಂಡು, ದಂಟಿನ ಸಿಪ್ಪೆ ಸೀಳಿದ ಅದೇ ಕಡ್ಡಿ. ಎರಡು ತುಂಡುಗಳ ನಡುವೆ ಒಂದೇ ಕಡ್ಡಿ ಚುಚ್ಚಿದ್ದನ್ನು ತಿರುಗಿಸಿದಳು. ಸರಾಗವಾಗಿ ತಿರುಗಿತು. ಇನ್ನೊಂದು ಜೋಡಿಯನ್ನು ಅವನ ಮುಂದಿಟ್ಟಳು.

"ಇದಕ್ಕ ಎರಡು ಕಡ್ಡಿ ಹಾಕೀನ್ರಿ ಸರ್. ನೀವ ತಿರುಗಿಸಿ ನೋಡ್ರಿ."

"ಜ್ವಾಳದ ದಂಟು ತಂದು ನನಗ ಕೆಮಿಸ್ಟ್ರಿ ಕಲಸ್ತಿ? ಒಯ್ದು ಎಮ್ಮಿಗಿ ಹಾಕು," ಎಂದರೂ ಕೈಗೆತ್ತಿಕೊಂಡ. ತಿರುವಿದ. ಬೆಂಡು ಜಗ್ಗಲಿಲ್ಲ, ಕಡ್ಡಿಗಳು ಬಿಗಿದು ಬಾಗಿದವು. ಹಲ್ಲು ಕಚ್ಚಿ ಇನ್ನೊಮ್ಮೆ ತಿರುವಿದಾಗ ಚಟ್ಟೆಂದಿತು.

"ತಿರುಗ್ತು ನೋಡು!" ಗೆದ್ದವನಂತೆ ನಕ್ಕು ಕಸ್ತೂರಿಯತ್ತ ತಿರುಗಿದ. "ನೋಡಿದ್ರಿಲ್ಲ ಮೇಡಂ?"

ಅವಳ ತಲೆ ಅಭ್ಯಾಸಬಲದಿಂದ ಅರ್ಧ ಬಗ್ಗಿತ್ತು. ಅಲ್ಲೇ ನಿಲ್ಲಿಸಿದಳು.

"ನೋಡಿದ್ನಿರಿ. ಒಂದು ಕಡ್ಡಿ ಮುರದ ಮ್ಯಾಲೆ ತಿರುಗೇದ."

ಅಂಕಪಟ್ಟಿ ಎಳೆದುಕೊಂಡು ಸೊನ್ನೆಗೆ ಗೀಟು ಹಾಕಿದಳು, ಪಕ್ಕದಲ್ಲಿ ಐದು ಬರೆದು ರುಜು ಮಾಡಿದಳು.

ಭೀಮಾಶಂಕರ ಅಂಗಿಯ ಮೇಲಿನ ಬೆಂಡಿನ ಪುಡಿ ಕೊಡವಿಕೊಂಡ. "ಜೂನ್ ತಿಂಗಳು ಭಾಳ ದೂರ ಇಲ್ಲ, ಮೇಡಂ."

"ಗೊತ್ತದರಿ."

ಸಪ್ನಾ ಮುರಿದ ಕಡ್ಡಿ ಕಿತ್ತು, ಹೊಸದೊಂದನ್ನು ಬೆಂಡಿಗೆ ಚುಚ್ಚುತ್ತಿದ್ದಳು.