ಅಣ್ಣನಿಗೆ ಕೊಟ್ಟ ಚಹಾ

ಒಂದೇ ಜೀಪಿನಿಂದ ಇಬ್ಬರೂ ಇಳಿದದ್ದನ್ನು ಕಂಡೊಡನೆ ನನ್ನ ಎದೆ ಧಸಕ್ಕೆಂದಿತು. ಒಬ್ಬ ನನ್ನ ಸ್ವಂತ ಅಣ್ಣ ಜಗದೇವಪ್ಪ, ಇನ್ನೊಬ್ಬರು ಹಣಮಂತರಾಯರು. ನಾನು ಕಂಡಾಗಿನಿಂದ ಅವನದೊಂದು ಪಾರ್ಟಿ, ಅವರದೊಂದು ಪಾರ್ಟಿ. ಶಹಾಬಾದಿನ ನಮ್ಮ ವಾರ್ಡಿನಲ್ಲಿ ಪ್ರತಿ ಚುನಾವಣೆಗೂ ಇವರ ಹುಡುಗರು ತಲೆ ಒಡೆದುಕೊಳ್ಳುತ್ತಾರೆ. ಇವರ ಮಾತು ಕೇಳಿ ನಾವು ಹೆಂಗಸರು ನಲ್ಲಿಯ ಹತ್ತಿರ ಜಡೆ ಹಿಡಿದು ಜಗಳಾಡಿದ್ದೇವೆ. ಇವತ್ತು ನೋಡಿದರೆ ಒಬ್ಬರಿಗೊಬ್ಬರು ಕೈ ಕೊಟ್ಟು ಇಳಿಯುತ್ತಿದ್ದಾರೆ! ಥೂ, ಇವರ ಸಲುವಾಗಿ ಪಕ್ಕದ ಮನೆಯ ಜೈಬುನ್ನೀಸಾಳ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದೆನಲ್ಲ ಎಂದು ಮೈಯೆಲ್ಲ ಉರಿಯಿತು.

ಅವರು ಯಾಕೆ ಬಂದಿದ್ದಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಸೊಸೆ ಕರುಣಾ ನಗರಸಭೆ ಚುನಾವಣೆಗೆ ಪಕ್ಷೇತರಳಾಗಿ ನಾಮಪತ್ರ ಹಾಕಿದ್ದಳು. ಅದನ್ನು ವಾಪಸ್ ತೆಗೆದುಕೊಳ್ಳಲು ಅಂದೇ ಕೊನೆಯ ದಿನ, ಮಧ್ಯಾಹ್ನ ಮೂರರವರೆಗೆ ವೇಳೆ.

ಅವಳು ನಿಂತದ್ದು ಖಣಿಯ ನೀರಿಗಾಗಿ. ನಮ್ಮ ಓಣಿಯ ಹಿಂದೆ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ ಇದೆ. ಬೇಸಿಗೆಯಲ್ಲಿ ನಲ್ಲಿ ನಿಂತರೆ ಇಡೀ ವಾರ್ಡಿಗೆ ಅದೇ ನೀರು. ಈಗೀಗ ಕಲ್ಲು ಪಾಲಿಶ್ ಮಾಡುವವರು ತಮ್ಮ ಬಿಳಿ ಕೆಸರನ್ನು ಟ್ಯಾಂಕರಿನಲ್ಲಿ ತಂದು ಅದರಲ್ಲೇ ಸುರಿಯುತ್ತಾರೆ. ನೀರು ಸುಣ್ಣ ಕಲಸಿದಂತಾಗಿದೆ. ಅದರಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಸ್ನಾನ ಮಾಡಿಸಿದರೆ ಮೊಮ್ಮಗ ರಾಜರತ್ನ ಮೈ ಪರಪರ ಕೆರೆದುಕೊಂಡು ಅಳುತ್ತಾನೆ. ಅಣ್ಣನಿಗೆ ಹೇಳಿದೆವು, "ನೋಡೋಣು" ಅಂದ. ಹಣಮಂತರಾಯರಿಗೆ ಹೇಳಿದೆವು, "ಮಾಡೋಣು" ಅಂದರು. ಟ್ಯಾಂಕರುಗಳಲ್ಲಿ ಅರ್ಧ ಇವರ ಮಂದಿಯವು, ಅರ್ಧ ಅವರ ಮಂದಿಯವು ಎಂದು ಆಮೇಲೆ ತಿಳಿಯಿತು.

"ಹಂಗಾದ್ರ ಅತ್ತಿ, ನಾನೇ ನಿಂದರ್ತೀನಿ," ಅಂದಳು ಕರುಣಾ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ ಹುಡುಗಿ. ಮೊದಮೊದಲು ಓಣಿಯಲ್ಲಿ "ಪರಿಸರಮ್ಮ ಬಂದ್ಳು ನೋಡ್ರಿ" ಎಂದು ನಗುತ್ತಿದ್ದರು. ಈಗ ಹೆಂಗಸರು ತಲೆಯ ಮೇಲಿನ ಕೊಡ ಇಳಿಸಿ ಅವಳ ಮಾತು ಕೇಳುತ್ತಾರೆ. ಈ ಇಬ್ಬರನ್ನು ಒಂದೇ ಜೀಪಿಗೆ ಹತ್ತಿಸಿದ್ದು ಅದೇ.

"ಜೈ ಭೀಮ್ ಅನಸೂ. ಎಲ್ಲಿ ನಿನ್ನ ಸೊಸಿ?" ಎನ್ನುತ್ತ ಅಣ್ಣ ಒಳಗೆ ಬಂದ.

"ಖಣಿ ಕಡಿ ಹೋಗ್ಯಾಳ ಅಣ್ಣಾ. ಬರ್ರಿ ರಾಯರ, ಕುಂದ್ರಿ."

ಅಣ್ಣ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. ರಾಜರತ್ನನ ಮೈ ಹೇಗಿದೆ ಎಂದು ಕೇಳಿದ. ಬಿಸಿಲಿಗೆ ಅವನ ಮುಖ ಕಪ್ಪಿಟ್ಟಿತ್ತು. ನಾನು ಅಡುಗೆಮನೆಗೆ ಹೋಗಿ ಒಲೆ ಹಚ್ಚಿ ಚಹಾ ಇಟ್ಟೆ.

ಅಯ್ಯೋ, ಎಂಥ ತಪ್ಪು ಮಾಡಿದೆ! ನಮ್ಮ ಓಣಿಯಲ್ಲಿ ಒಂದು ರಿವಾಜಿದೆ. ಹಿರಿಯರು ಒಂದು ಮಾತು ಹಿಡಿದುಕೊಂಡು ಮನೆಗೆ ಬಂದಾಗ ಚಹಾ ಕೊಟ್ಟರೆ ಆ ಮಾತಿಗೆ ಒಪ್ಪಿದಂತೆ. ಹೆಣ್ಣು ಕೇಳಲು ಬಂದರೂ ಅಷ್ಟೇ, ಗೋಡೆಯ ತಂಟೆ ಬಗೆಹರಿಸಲು ಬಂದರೂ ಅಷ್ಟೇ. ಒಪ್ಪಿಗೆ ಇಲ್ಲದವರು ಬರೀ ನೀರು ಕೊಟ್ಟು ಕೈ ಮುಗಿಯುತ್ತಾರೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಗಂಡ ತೀರಿಕೊಂಡಾಗ ನನ್ನ ಮಗ ಸುರೇಶನನ್ನು ಓದಿಸಿದವನು ಈ ಅಣ್ಣ. ಪ್ರತಿ ವರ್ಷ ಭೀಮ ಜಯಂತಿಗೆ ಕರೆದು ಬಿಳಿ ಸೀರೆ ಉಡಿಸುವವನು. ತವರು ಅಂತ ನನಗಿರುವುದು ಅವನ ಮನೆಯೊಂದೇ. ಅಂಥವನು ಉರಿಬಿಸಿಲಲ್ಲಿ ಬಂದು ಕೂತಾಗ ರಿವಾಜು ಗಿವಾಜು ಏನೂ ನೆನಪಾಗಲಿಲ್ಲ.

ಹಣಮಂತರಾಯರು ಬಸಿಯಲ್ಲಿ ಸುರಿದುಕೊಂಡು ಸೊರ್ರೆಂದು ಕುಡಿದರು. ಕಪ್ಪು ಕೆಳಗಿಟ್ಟು ಅಣ್ಣನ ತೊಡೆ ತಟ್ಟಿದರು.

"ಮುಗೀತಲ್ಲ ಜಗದೇವಪ್ಪ. ಚಹಾ ಆತು, ಮಾತೂ ಆತು. ಮೂರರೊಳಗ ಕರಕೊಂಡ್ ಹೋಗಿ ವಾಪಸ್ ತಗಸಿದ್ರ ಆತು."

"ಭಾಳ ಚಲೋ ಮಾಡ್ದಿ ತಂಗಿ. ನನ್ನ ಮರ್ಯಾದಿ ಉಳಿಸ್ದಿ," ಅಂದ ಅಣ್ಣ.

ಚಹಾದ ರಿವಾಜು ಆಗ ನೆನಪಾಯಿತು. ಅಲ್ಲ ಅನ್ನಬೇಕೆಂದರೆ ಬಾಯಿ ಬರಲಿಲ್ಲ. ಗೋಡೆಯ ಗಡಿಯಾರದಲ್ಲಿ ಎರಡು ದಾಟಿತ್ತು. ಕರುಣಾ ಬರದೇ ಇರಲಿ, ಮೂರು ಹೊಡೆದುಬಿಡಲಿ ಎಂದು ಒಂದು ಮನಸ್ಸು. ಬೇಗ ಬಂದು ನನ್ನನ್ನು ಇದರಿಂದ ಬಿಡಿಸಲಿ ಎಂದು ಇನ್ನೊಂದು ಮನಸ್ಸು.

ಬಂದಳು. ಸೀರೆಯ ಅಂಚಿಗೆಲ್ಲ ಬಿಳಿ ಕೆಸರು. ಅವಳ ಹಿಂದೆಯೇ ಜೈಬುನ್ನೀಸಾ ಮತ್ತು ಓಣಿಯ ಹೆಂಗಸರು ಬಂದು ಬಾಗಿಲಲ್ಲಿ ನಿಂತರು. ಕರುಣಾ ಖಾಲಿ ಕಪ್ಪುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖ ಬಿಳುಪೇರಿತು.

"ಮಾವ, ನಿಂತಾಕಿ ನಾನು. ನನ್ನ ಒಂದ್ ಮಾತ್ ಕೇಳಲಿಲ್ಲ ನೀವು."

"ಮನಿ ಹಿರಿಯಾಕಿ ಚಹಾ ಕೊಟ್ಟಾಳ. ಇನ್ನ ನಿನ್ನೇನ್ ಕೇಳೋದು?"

ಹಣಮಂತರಾಯರು ನಕ್ಕರು. "ಅಲ್ಲಬೇ, ಹಿಂದ ಪಾರ್ಟಿ ಇಲ್ಲ, ಮುಂದ ಮಂದಿ ಇಲ್ಲ. ನೀ ಒಬ್ಬಾಕಿ ಆರಿಸಿ ಬಂದು ಏನ್ ಮಾಡ್ತಿ?"

"ನೀವಿಬ್ರೂ ಪಾಳಿ ಮ್ಯಾಲ ಆರಿಸಿ ಬಂದು ಏನ್ ಮಾಡೀರಿ, ಖಣ್ಯಾಗ ಕಾಣ್ಲಿಕತ್ತದ ರಾಯರ. ಹೋಗಿ ನೋಡ್ರಿ."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅಣ್ಣ ಆ ಕಡೆ ಕೆಕ್ಕರಿಸಿ ನೋಡಿದ.

ಕರುಣಾ ನನ್ನ ಹತ್ತಿರ ಬಂದಳು. "ಅತ್ತಿ, ನಿಮ್ಮ ಮಾತು ಮುರದು ನಾ ನಿಂದ್ರಂಗಿಲ್ಲ. ಒಪ್ಪಿ ಕೊಟ್ಟೀನಿ ಅಂದ್ರ ಈಗಿಂದೀಗ ಹೋಗಿ ವಾಪಸ್ ತಗೋತೀನಿ. ನೀವೇ ಹೇಳ್ರಿ."

ನನ್ನ ಮೇಲೇಕೆ ಹಾಕಿದಳು ಎಂದು ಆ ಕ್ಷಣ ಅವಳ ಮೇಲೆಯೇ ಸಿಟ್ಟು ಬಂತು. ಹ್ಞೂ ಅಂದರೆ ಓಣಿಯ ಇಷ್ಟು ಹೆಂಗಸರು ಮತ್ತೆ ಐದು ವರ್ಷ ಆ ಬಿಳಿ ನೀರು ಹೊರಬೇಕು. ಊಹೂಂ ಅಂದರೆ ನನಗೆ ತವರಿಲ್ಲ. ಜೈಬುನ್ನೀಸಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅಣ್ಣನೂ ಅದನ್ನೇ ನೋಡುತ್ತಿದ್ದ.

"ಅಣ್ಣಾ," ಅಂದೆ. "ಒಡಹುಟ್ಟಿದಾಂವ ಬಿಸಲಾಗ ಬಂದಾನಂತ ಚಹಾ ಕೊಟ್ಟೀನಿ. ನಿನ್ನ ಪಾರ್ಟಿಗಿ ಕೊಟ್ಟಿಲ್ಲ, ರಾಯರ ಪಾರ್ಟಿಗೂ ಕೊಟ್ಟಿಲ್ಲ. ರಿವಾಜ್ ಮರ್ತಿದ್ದು ನನ್ನ ತಪ್ಪು. ನನ್ನ ಸೊಸಿ ನಿಂದರ್ತಾಳ."

ಅಣ್ಣ ಎದ್ದು ನಿಂತ.

"ಮಂದಿ ಮುಂದ ನನ್ನ ಇಜ್ಜತ್ ತಗದಿ ಅನಸೂ. ಇವತ್ತಿಗೆ ಮುಗೀತು. ನನಗ ತಂಗಿ ಇಲ್ಲ. ನನ್ನ ಮನಿ ಹೊಸ್ತಿಲ ತುಳಿಬ್ಯಾಡ."

ಇಬ್ಬರೂ ಹೊರಟುಹೋದರು. ನಾನು ಅಲ್ಲೇ ಕುಸಿದು ಕೂತು ಅತ್ತೆ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಹೊರಗೆ ಯಾವ ಗಾಡಿ ಸದ್ದಾದರೂ ಅಣ್ಣ ತಿರುಗಿ ಬಂದ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಬಂದರೆ ನಾನು ಸೋಲುತ್ತಿದ್ದೆ, ಸುಳ್ಳೇಕೆ ಹೇಳಲಿ. ಅವನು ಬರಲಿಲ್ಲ. ಕರುಣಾ ನನ್ನ ಕೈ ಬಿಡದೆ ಕೂತಿದ್ದಳು. ಕೊನೆಗೆ ಜೈಬುನ್ನೀಸಾ ಮೊಬೈಲ್ ನೋಡಿ, "ಮೂರು ಹೊಡೀತ್ರೀ ಅಕ್ಕಾ" ಅಂದಳು.

ಹೆಂಗಸರು ಪ್ರಚಾರಕ್ಕೆ ಹೊರಡಲು ಗುಂಪು ಕೂಡಿದರು.

"ನೀವು ಮಲಕೋರ್ರಿ ಅತ್ತಿ. ನಾವು ಹೋಗಿ ಬರ್ತೀವಿ," ಅಂದಳು ಕರುಣಾ.

"ಯಾರ ಮನಿಯಿಂದ ಶುರು ಮಾಡ್ತೀರಿ?"

"ನಮ್ಮ ಮನಿ ಸಾಲಿನಿಂದ."

"ಬ್ಯಾಡ," ಅಂದೆ. "ನಮ್ಮಣ್ಣನ ಮನಿಯಿಂದ ಶುರು ಮಾಡೋಣು. ಅವನ ಹೇಣ್ತಿ, ನಮ್ಮ ವೈನಿನೂ ಅದೇ ನೀರು ಹೊರ್ತಾಳ."

ಅಣ್ಣನ ಮನೆಯ ಮುಂದೆ ಜೀಪು ನಿಂತಿತ್ತು, ಬಾಗಿಲು ಮುಚ್ಚಿತ್ತು. ಅಷ್ಟು ವರ್ಷ ಸೀದಾ ಒಳಗೆ ನುಗ್ಗಿ ಅಡುಗೆಮನೆಗೇ ಹೋಗುತ್ತಿದ್ದವಳು ನಾನು. ಹೊಸ್ತಿಲಿನಿಂದ ಮಾರು ದೂರದಲ್ಲಿ ಬಿಸಿಲಲ್ಲೇ ನಿಂತೆ.

"ವೈನೀ, ನಾನು ಅನಸೂ. ಒಳಗ ಬರಂಗಿಲ್ಲ. ವೋಟ್ ಕೇಳ್ಲಿಕ್ಕಿ ಬಂದೀನಿ."

ಒಳಗೆ ವೈನಿಯ ಬಳೆ ಸದ್ದಾಯಿತು, ಅಣ್ಣನ ಗದರು ದನಿಯೂ ಕೇಳಿತು. ಬಾಗಿಲು ತೆರೆಯಲಿಲ್ಲ. ನಾನು ಮತ್ತೊಮ್ಮೆ, ಇನ್ನೂ ಜೋರಾಗಿ ಕೂಗಿದೆ.