ಯಾರ ಬಲಗಡೆ

ಅತ್ತೆ ಎದ್ದು ನಿಲ್ಲುತ್ತಾರೋ ಇಲ್ಲವೋ, ಪ್ರಶ್ನೆ ಅದೊಂದೇ. ಚೆನ್ನಾಗಿದೆ ಎನ್ನುತ್ತಾರೆ, ಅದರಲ್ಲಿ ಅನುಮಾನವಿರಲಿಲ್ಲ. ಮಗಳ ಮನೆಯಲ್ಲಿ ಉಪ್ಪಿಲ್ಲದ ಅಡುಗೆಯನ್ನೂ ಹೊಗಳಿಯೇ ಉಂಡವರು ಅವರು. ಆದರೆ ಅಳಿಯನಿಗೆ ಬೇಕಿದ್ದದ್ದು ಬಾಯಿಮಾತಲ್ಲ. ಎಂಬತ್ತಮೂರು ವರ್ಷದ ಅತ್ತೆ ಕುರ್ಚಿಯಿಂದ ತಾವಾಗಿ ಏಳಬೇಕಿತ್ತು.

ಅದಕ್ಕೊಂದು ಕಾರಣವಿತ್ತು. ಅತ್ತೆ ಹುಟ್ಟಿ ಬೆಳೆದದ್ದು ಒಂದು ಚಿಕ್ಕ ರೈಲ್ವೆ ಸ್ಟೇಷನ್ನಿನ ಪಕ್ಕದ ಒಂಟಿ ಮನೆಯಲ್ಲಿ. ಅವರ ಅಪ್ಪ ಅಲ್ಲಿ ಪಾಯಿಂಟ್ಸ್‌ಮನ್. ಸನ್ನೆಕೋಲು ಎಳೆದು ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕೆಲಸ. ಶಾಲೆ ಹಳಿಯ ಆಚೆಗಿತ್ತು. ಹಾಗಾಗಿ ಮನೆಯಲ್ಲಿ ಒಂದು ಕಟ್ಟಪ್ಪಣೆ: ಗಾಡಿ ಬಂತೆಂದರೆ ಮಕ್ಕಳು ಎಲ್ಲಿದ್ದರೆ ಅಲ್ಲೇ ಎದ್ದು ನಿಲ್ಲಬೇಕು, ಕೊನೆಯ ಡಬ್ಬಿ ದಾಟುವ ತನಕ ಅಲುಗಾಡಬಾರದು. ಉಣ್ಣುತ್ತಿದ್ದರೂ ಅಷ್ಟೇ, ಜ್ವರದಲ್ಲಿ ಮಲಗಿದ್ದರೂ ಅಷ್ಟೇ. ಮದುವೆಯಾಗಿ, ಮಕ್ಕಳಾಗಿ, ತವರಿಗೆ ಹೋದಾಗಲೂ ಅತ್ತೆ ಗಾಡಿ ಬಂದರೆ ಎದ್ದು ನಿಲ್ಲುತ್ತಿದ್ದರು. ಬೇರೆ ಯಾವ ಸ್ಟೇಷನ್ನಿನಲ್ಲೂ ಹಾಗಲ್ಲ. ಎಷ್ಟು ದೊಡ್ಡ ಗಾಡಿ ಬಂದರೂ ಬೆಂಚಿನ ಮೇಲೆ ಕಾಲು ಚಾಚಿ ಕೂತಿರುತ್ತಿದ್ದರು. ಕೇಳಿದರೆ, “ಅದು ನಮ್ಮ ಗಾಡಿಯಲ್ಲ” ಎನ್ನುತ್ತಿದ್ದರು.

ಆ ಸ್ಟೇಷನ್ ಈಗ ಇಲ್ಲ. ಆರು ಕಿಲೋಮೀಟರ್ ದೂರದಲ್ಲಿ ನೇರವಾದ ಹೊಸ ಹಳಿ ಬಂದ ಮೇಲೆ ಹಳೆಯದನ್ನು ಕಿತ್ತರು, ನೀರಿನ ಟ್ಯಾಂಕನ್ನು ಗುಜರಿಗೆ ಹಾಕಿದರು. ಅದನ್ನು ಕಣ್ಣಾರೆ ಕಂಡವರಲ್ಲಿ ಬದುಕಿ ಉಳಿದದ್ದು, ಅವನಿಗೆ ತಿಳಿದ ಮಟ್ಟಿಗೆ, ಅತ್ತೆ ಒಬ್ಬರೇ. ಹೆಂಡತಿಗೆ ಸ್ಟೇಷನ್ ಮುಚ್ಚಿದಾಗ ಎರಡು ವರ್ಷ. ಅವಳಿಗೆ ನೆನಪಿದ್ದದ್ದು ಕಲ್ಲಿದ್ದಲ ವಾಸನೆಯೊಂದೇ.

ಆ ಸ್ಟೇಷನ್ನನ್ನು ಅವನು ಮಹಡಿಯ ಕೋಣೆಯಲ್ಲಿ, ಉದ್ದನೆಯ ಮೇಜಿನ ಮೇಲೆ ಕಟ್ಟಿದ್ದ. ಎಂಬತ್ತೇಳಕ್ಕೆ ಒಂದರ ಅಳತೆ: ನೂರ ಅರವತ್ತು ಮೀಟರಿನ ಪ್ಲಾಟ್‌ಫಾರಂ ಒಂದು ಮೀಟರ್ ಎಂಬತ್ತನಾಲ್ಕು ಸೆಂಟಿಮೀಟರ್ ಆಗಿತ್ತು. ಪಾಯಿಂಟ್ಸ್‌ಮನ್ನನ ಮನೆ ಎಂಟು ಸೆಂಟಿಮೀಟರ್ ಅಗಲ. ಗೋಡೆಯ ಗಡಿಯಾರ ಏಳು ಮಿಲಿಮೀಟರ್. ಅದರ ಮುಳ್ಳುಗಳು ಬ್ರಷ್ಷಿನಿಂದ ಕಿತ್ತ ಎರಡು ಕೂದಲು. ಒಂಬತ್ತು ವರ್ಷದ ಭಾನುವಾರಗಳೆಲ್ಲ ಅದಕ್ಕೇ ಹೋಗಿದ್ದವು.

ಕೈ ಪಳಗಿದ್ದು ಕಸುಬಿನಿಂದ. ಊರಿನ ಏಳು ಮಂದಿ ದಂತವೈದ್ಯರಿಗೆ ಕೃತಕ ಹಲ್ಲು ಕಟ್ಟಿಕೊಡುವವನು ಅವನು. ಬೆಟ್ಟಕ್ಕೆ ಹಲ್ಲಿನ ಅಚ್ಚಿಗೆ ಬಳಸುವ ಪ್ಲಾಸ್ಟರೇ ಸಾಕಾಯಿತು. ಹೆಂಚಿನ ಮಾಡಿಗೆ ಒಸಡಿನ ಬಣ್ಣದ ಅಕ್ರಿಲಿಕ್, ಅದರ ಮೇಲೊಂದಿಷ್ಟು ಕೆಮ್ಮಣ್ಣಿನ ಬಣ್ಣ. ಅಂಗಿಯ ಜೇಬಿನಲ್ಲಿ ಸದಾ ಇರುವ, ದಂತವೈದ್ಯರು ಬಾಯೊಳಗಿಟ್ಟು ನೋಡುವ ಉದ್ದ ಹಿಡಿಯ ಬಾಯಿಗನ್ನಡಿಯನ್ನು ಪ್ಲಾಟ್‌ಫಾರಮ್ಮಿನ ಚಾವಣಿಯ ಕೆಳಗೆ ತೂರಿಸಿ, ಒಳಗಿನ ತೊಲೆಗಳು ಸರಿಯಾಗಿ ಕೂತಿವೆಯೇ ಎಂದು ನೋಡುತ್ತಿದ್ದ.

ಆಧಾರವಾಗಿ ಅವನ ಬಳಿ ಎರಡೇ ಇದ್ದವು. ಒಂದು, ಪ್ಲಾಸ್ಟರಿನ ಡಬ್ಬಿ ಸುತ್ತಲು ತಂದ ರದ್ದಿಯಲ್ಲಿ ಸಿಕ್ಕಿದ ಹಳೆಯ ಪತ್ರಿಕೆಯ ಚಿತ್ರ. ಅಂಗೈಯಗಲದ ಚಿತ್ರ, ಹಳಿಯ ಆಚೆ ಬದಿಯಿಂದ ತೆಗೆದದ್ದು. ಗಾಡಿ ನಿಂತಿದೆ, ಹಿಂದೆ ಕಟ್ಟಡ, ಮನೆ, ಟ್ಯಾಂಕು. ಹೆಸರಿನ ಬೋರ್ಡು ಚೌಕಟ್ಟಿನೊಳಗೆ ಬಂದಿಲ್ಲ. ಕೆಳಗೆ ಊರಿನ ಹೆಸರು, ‘ಮುಚ್ಚಲಿರುವ ನಿಲ್ದಾಣ’ ಎಂಬ ಒಕ್ಕಣೆ. ಇನ್ನೊಂದು ಆಧಾರ, ಬೇರೆ ಊರಲ್ಲಿ ಮಗನ ಮನೆಯಲ್ಲಿದ್ದ ಅತ್ತೆಯ ನೆನಪು. ಫೋನು ಮಾಡಿದಾಗಲೆಲ್ಲ ಆ ಮಾತು ಈ ಮಾತಿನ ನಡುವೆ ಒಂದೊಂದು ಪ್ರಶ್ನೆ ಕೇಳುತ್ತಿದ್ದ. ಕಿಟಕಿ ಎಷ್ಟಿದ್ದವು? ಬಾಗಿಲಿಗೆ ಯಾವ ಬಣ್ಣ? ಟ್ಯಾಂಕು ಯಾವ ಕಡೆ? “ಬಲಗಡೆ” ಎಂದಿದ್ದರು ಅತ್ತೆ. ಚಿತ್ರದಲ್ಲೂ ಟ್ಯಾಂಕು ಬಲಗಡೆಯೇ ಇತ್ತು. ಎರಡು ಸಾಕ್ಷಿ ಒಂದಕ್ಕೊಂದು ತಾಳೆಯಾದ ಮೇಲೆ ಮೂರನೆಯದು ಏಕೆ ಬೇಕು? ಚಿತ್ರ ಸಿಕ್ಕ ವಿಷಯವನ್ನು ಮಾತ್ರ ಅವನು ಅತ್ತೆಗೆ ಹೇಳಲಿಲ್ಲ. ಒಮ್ಮೆಲೇ ಕಂಡು ಬೆರಗಾಗಲಿ ಎಂಬ ಆಸೆ.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಭಾವಮೈದ ತಾಯಿಯನ್ನು ಕರೆತಂದ. ಅವನು ಬಸ್ ಡಿಪೋದ ಮೆಕ್ಯಾನಿಕ್. ರೈಲೆಂದರೆ ಅವನಿಗೆ ದಾಯಾದಿ ಇದ್ದ ಹಾಗೆ. ಅತ್ತೆಯನ್ನು ಮೆಟ್ಟಿಲೊಂದಕ್ಕೆ ಒಂದು ನಿಮಿಷದಂತೆ ಹತ್ತಿಸಿ, ಬಾಗಿಲಲ್ಲೇ ನಿಂತ.

“ಭಾವ, ಟಿಕೆಟ್ ಎಲ್ಲಿ ತಗೋಬೇಕು?”

“ನಿನಗೆ ಲಗೇಜ್ ಡಬ್ಬಿ ಕಣೋ, ಟಿಕೆಟ್ ಬೇಡ,” ಎಂದಳು ಹೆಂಡತಿ.

“ಇದೆಲ್ಲಾ ಹಲ್ಲಿನ ಸಾಮಾನಲ್ಲೇ ಮಾಡಿದ್ದಾ? ಹತ್ತಿರ ಹೋದರೆ ಕಚ್ಚಲ್ಲ ತಾನೆ?”

ಅತ್ತೆ ನಗಲಿಲ್ಲ. ಮಂಡಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕನ್ನಡಕ ಒರೆಸಿದರು. ಅವನು ಗಾಡಿ ಓಡಿಸುವ ಗುಂಡಿ ತಿರುಗಿಸಿದ. ಎಡಗಡೆಯ ಪ್ಲಾಸ್ಟರ್ ಗುಡ್ಡದ ಸುರಂಗದಿಂದ ಕಪ್ಪು ಎಂಜಿನ್ನು ಹೊರಬಂತು. ಹಿಂದೆ ನಾಲ್ಕು ಡಬ್ಬಿ. ಮನೆ ದಾಟಿತು, ಕಟ್ಟಡ ದಾಟಿತು, ಟ್ಯಾಂಕಿನ ಕೆಳಗೆ, ನೀರಿನ ತೂಬಿಗೆ ಕೂದಲೆಳೆಯಷ್ಟೂ ತಪ್ಪದಂತೆ ನಿಂತಿತು. ಅವನು ಎಂಜಿನ್ನನ್ನು ನೋಡುತ್ತಿರಲಿಲ್ಲ. ಕುರ್ಚಿಯ ಕೈ ಮೇಲಿದ್ದ ಅತ್ತೆಯ ಬೆರಳುಗಳನ್ನು ನೋಡುತ್ತಿದ್ದ. ಅವು ಸಡಿಲವಾಗಿಯೇ ಇದ್ದವು.

“ತುಂಬಾ ಚೆನ್ನಾಗಿದೆ ಅಳಿಯಂದ್ರೇ,” ಎಂದರು ಅತ್ತೆ. “ಎಷ್ಟು ನಾಜೂಕು! ಯಾವ ಊರು ಇದು?”

ಹೆಂಡತಿ ಅವನ ಮುಖ ನೋಡಿದಳು; ಆಮೇಲೆ ತಾಯಿಯ ಪಕ್ಕ ಬಗ್ಗಿ, “ಅಮ್ಮಾ, ನಿಮ್ಮೂರೇ. ನಿಮ್ಮ ಸ್ಟೇಷನ್ನು,” ಎಂದಳು.

“ನಮ್ಮದಾ?” ಅತ್ತೆ ಮತ್ತೆ ನೋಡಿದರು. ಕಟ್ಟಡ ನೋಡಿದರು, ಹಸಿರು ಬಾಗಿಲು ನೋಡಿದರು. ಮರ್ಯಾದೆಗೆ ಹೂಂ ಎನ್ನಲು ಹೊರಟ ಬಾಯಿ ಅರ್ಧದಲ್ಲೇ ನಿಂತಿತು. “ಎಲ್ಲಾ ನಮ್ಮದರ ಹಾಗೇ ಇದೆ. ಆದ್ರೆ ನಮ್ಮದಲ್ಲ ಕಣೇ. ಹೇಗೆ ಹೇಳಲಿ... ಅಕ್ಕತಂಗಿಯರ ಮುಖ ಒಂದೇ ಥರ ಇರಲ್ವಾ, ಹಾಗೆ.”

ಆ ಮಾತಿನ ಇಕ್ಕಟ್ಟಿನಿಂದ ಎಲ್ಲರನ್ನೂ ಪಾರು ಮಾಡಲೆಂದೋ ಏನೋ, ಭಾವಮೈದ ಮೇಜಿನ ಮೇಲೆ ಬಗ್ಗಿದ. “ಅಬ್ಬಾ, ಗಡಿಯಾರ ಬೇರೆ! ಮೂರು ಇಪ್ಪತ್ತೈದು. ಕೆಟ್ಟು ನಿಂತಿದೆಯಾ ಭಾವ?”

“ಚಿತ್ರದಲ್ಲಿ ಎಷ್ಟು ತೋರಿಸ್ತಿತ್ತೋ ಅಷ್ಟೇ ಇಟ್ಟಿದೀನಿ.”

“ಮೂರು ಇಪ್ಪತ್ತೈದಕ್ಕೆ ಗಾಡಿ?” ಅತ್ತೆ ಥಟ್ಟನೆ ತಿರುಗಿದರು. “ಯಾರು ಹೇಳಿದ್ದು? ಬೆಳಿಗ್ಗೆ ಒಂದು, ದೀಪ ಹಚ್ಚೋ ಹೊತ್ತಿಗೆ ಒಂದು. ಮಧ್ಯಾಹ್ನ ನಮ್ಮೂರಿಗೆ ಗಾಡೀನೇ ಇರಲಿಲ್ಲ. ಹಳಿ ಮೇಲೆ ಆಡು ಮಲಗಿರ್ತಿದ್ವು.” ದನಿಯಲ್ಲಿ ಈಗ ಅತಿಥಿಯ ಮೆದುತನ ಇರಲಿಲ್ಲ. “ಟ್ಯಾಂಕು ಬೇರೆ ಅಲ್ಲಿಟ್ಟಿದೀರ. ನಮ್ಮನೆ ಬಾಗಿಲಲ್ಲಿ ನಿಂತ್ರೆ ಟ್ಯಾಂಕು ಈ ಕೈಗೆ.” ಬಲಗೈ ಎತ್ತಿ ತೋರಿಸಿದರು.

“ನೀವೇ ಬಲಗಡೆ ಅಂದಿರಲ್ಲ ಅತ್ತೆ! ಬಲಗಡೆಯೇ ಇದೆ, ನೋಡಿ.”

“ಬಲಗಡೆ ಅಂದ್ರೆ ಬಲಗಡೆ!”

“ರೀ,” ಎಂದಳು ಹೆಂಡತಿ ಮೆಲ್ಲಗೆ. “ಯಾರ ಬಲ?”

ಅದು ಅವನದೇ ಮಾತು. ದಿನಕ್ಕೆ ಹತ್ತು ಸಲ ಫೋನಿನಲ್ಲಿ ಅವನು ಆಡುವ ಮಾತು. ಕಸುಬಿಗೆ ಸೇರಿದ ಮೊದಲ ವರ್ಷ, ಬಲಗಡೆಯ ಕೋರೆಹಲ್ಲೆಂದು ಹೇಳಿದ್ದನ್ನು ಎಡಗಡೆಗೆ ಮಾಡಿ ಕಳಿಸಿ ಮುಖಕ್ಕೆ ಉಗಿಸಿಕೊಂಡಿದ್ದ. ರೋಗಿಯ ಬಲ ವೈದ್ಯರ ಎಡ. ಅಂದಿನಿಂದ ಬಲ ಎಂದರೆ ಸಾಕು, “ಯಾರ ಬಲ?” ಎಂದು ಕೇಳದೆ ಅವನು ಒಂದು ಹಲ್ಲನ್ನೂ ಕೈಗೆತ್ತಿಕೊಂಡಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರನ್ನು ಮಾತ್ರ ಅದನ್ನು ಕೇಳಿರಲಿಲ್ಲ.

ಅತ್ತೆ ಮನೆ ಬಾಗಿಲಲ್ಲಿ ನಿಂತು ಹಳಿಯ ಕಡೆ ನೋಡುತ್ತ ಬಲ ಎಂದಿದ್ದರು. ಆ ಲೆಕ್ಕದಲ್ಲಿ, ಹಳಿಯ ಆಚೆಯಿಂದ ತೆಗೆದ ಚಿತ್ರದಲ್ಲಿ ಟ್ಯಾಂಕು ಎಡಕ್ಕಿರಬೇಕು. ಚಿತ್ರದಲ್ಲಿ ಅದು ಬಲಕ್ಕಿತ್ತು. ಅಂದರೆ ಚಿತ್ರವೇ—

ಅವನು ಗೋಡೆಗೆ ಅಂಟಿಸಿದ್ದ ಚಿತ್ರವನ್ನು ಕಿತ್ತು ತಂದ. ಜೇಬಿನಿಂದ ಬಾಯಿಗನ್ನಡಿ ತೆಗೆದು, ಚಿತ್ರದ ಗಡಿಯಾರಕ್ಕೆ ಎದುರಾಗಿ ಹಿಡಿದ. ಕಾಸಗಲದ ಗಾಜಿನಲ್ಲಿ ಅಂಕಿಗಳಿಲ್ಲದ ಬಿಳಿಯ ಚುಕ್ಕೆ, ಎರಡು ಮುಳ್ಳು.

“ಬೆಳಗಿನ ಗಾಡಿ ಎಷ್ಟಕ್ಕೆ ಬರ್ತಿತ್ತು ಅತ್ತೆ?”

“ಎಂಟೂವರೆಗೆ. ಯಾವಾಗಲೂ ಐದು ನಿಮಿಷ ತಡ.”

ಕನ್ನಡಿಯಲ್ಲಿ ಗಂಟೆ ಎಂಟು ಮೂವತ್ತೈದು.

ಹಳೆಯ ಅಚ್ಚುಕೂಟಗಳಲ್ಲಿ ನಡೆಯುತ್ತಿದ್ದ ತಪ್ಪೇ ಅದು: ಯಾರೋ ಒಬ್ಬ ಕೆಲಸದ ಅವಸರದಲ್ಲಿ ನೆಗೆಟಿವ್ ಫಿಲ್ಮನ್ನು ಮಗುಚಿ ಇಟ್ಟಿದ್ದ. ಬೋರ್ಡಿಲ್ಲ, ಅಕ್ಷರವಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ತಿರುವುಮುರುವಾದ ಚಿತ್ರ, ಕೇಳದೆ ಬಿಟ್ಟ ಪ್ರಶ್ನೆ, ಎರಡು ತಪ್ಪೂ ಕೈಕೈ ಹಿಡಿದು ಸರಿಯಂತೆ ನಟಿಸಿದ್ದವು. ಅವನು ಕಟ್ಟಿದ್ದರಲ್ಲಿ ಒಂದು ಹೆಂಚೂ ಹೆಚ್ಚುಕಡಿಮೆ ಇರಲಿಲ್ಲ, ಆದರೆ ಇಡೀ ಊರು ಅದಲುಬದಲಾಗಿತ್ತು.

“ಒಂಬತ್ತು ವರ್ಷ,” ಎಂದ ಅವನು, ಯಾರಿಗೂ ಅಲ್ಲ.

ಅತ್ತೆ ಅವನ ಕೈಯಲ್ಲಿದ್ದ ಬಾಯಿಗನ್ನಡಿಯನ್ನೇ ನೋಡುತ್ತಿದ್ದರು. “ಇದಕ್ಕಿಂತ ದೊಡ್ಡದು ಇಲ್ವಾ ಮನೇಲಿ?”

ಹೆಂಡತಿ ಆಗಲೇ ಮೆಟ್ಟಿಲಿಳಿಯುತ್ತಿದ್ದಳು. “ಬಾರೋ, ಸ್ಕ್ರೂಡ್ರೈವರ್ ಹಿಡ್ಕೊಂಡು ಬಾ,” ಎಂದು ತಮ್ಮನನ್ನು ಕೂಗಿದಳು. ಬೀರುವಿನ ಬಾಗಿಲಿನ ಆಳೆತ್ತರದ ಕನ್ನಡಿಯನ್ನು ಬಿಚ್ಚುವ ಸದ್ದು, ಹದಿನಾಲ್ಕು ಮೆಟ್ಟಿಲು ಹತ್ತಿಸುವಾಗಿನ ಅಕ್ಕತಮ್ಮಂದಿರ ಜಗಳ ಎಲ್ಲ ಮೇಲಕ್ಕೆ ಕೇಳಿಸಿದವು.

“ನಿನ್ನ ಕಡೆ ಎತ್ತೇ! ಗಾಜಿಗಿಂತ ಚೌಕಟ್ಟೇ ಭಾರ ಇದು.”

“ಬಸ್ ಎತ್ತೋನು, ಕನ್ನಡಿ ಎತ್ತೋಕಾಗಲ್ವಾ?”

ಕನ್ನಡಿಯನ್ನು ಎದುರು ಗೋಡೆಗೆ ಅಡ್ಡಲಾಗಿ, ಮೇಜಿನಷ್ಟೇ ಎತ್ತರಕ್ಕೆ ಹಿಡಿದರು. ಒಂದು ತುದಿ ಅಕ್ಕನಿಗೆ, ಇನ್ನೊಂದು ತಮ್ಮನಿಗೆ. ಅವನು ಅತ್ತೆಯ ಕುರ್ಚಿಯನ್ನು ಸ್ಟೇಷನ್ನಿಗೆ ಬೆನ್ನಾಗುವಂತೆ ತಿರುಗಿಸಿ, ಕನ್ನಡಿಗೆ ಅಡ್ಡ ಬಾರದ ಹಾಗೆ ಪಕ್ಕಕ್ಕೆ ಸರಿಸಿದ. ತಾನೂ ಅವರ ಪಕ್ಕದಲ್ಲಿ ಮಂಡಿಯೂರಿ, ತಲೆಯೆತ್ತಿ ನೋಡಿದ.

ಗಾಜಿನ ಆಚೆ ಒಂದು ಊರಿತ್ತು. ಇಷ್ಟು ದಿನ ಅವನು ಕಂಡದ್ದು ಕೆಲಸವನ್ನು: ಇಲ್ಲಿ ಅಂಟು ಜಾಸ್ತಿಯಾಗಿದೆ, ಅಲ್ಲಿ ತಂತಿ ಕಾಣುತ್ತಿದೆ, ಆ ಗೋಡೆಗೆ ಇನ್ನೊಮ್ಮೆ ಬಣ್ಣ. ಒಂದೊಂದು ಕಲ್ಲಿನ ಮೇಲೂ ಅವನ ಕೈಯ ನೆನಪಿತ್ತು. ಈಗ ಆ ಕೈ ಎಲ್ಲಿಯೂ ಇರಲಿಲ್ಲ. ಎಡಗಡೆ ಟ್ಯಾಂಕು, ಬಲಗಡೆ ಮನೆ. ಕಿಟಕಿಯ ಬಿಸಿಲು ಮಾಡಿನ ಮೇಲೆ ಓರೆಯಾಗಿ ಬಿದ್ದು ಪ್ಲಾಟ್‌ಫಾರಮ್ಮಿನಲ್ಲಿ ಉದ್ದನೆಯ ನೆರಳು ಹಾಸಿತ್ತು. ಅದು ಅವನು ಮಾಡಿದ ವಸ್ತುವಲ್ಲ. ಅವನು ಹುಟ್ಟುವುದಕ್ಕೂ ಮುಂಚಿನಿಂದ ಅಲ್ಲೇ ಇದ್ದದ್ದು; ಅವನು ಈಗಷ್ಟೇ ಬಂದು ತಲುಪಿದ್ದ.

ಅತ್ತೆ ಒಂದು ಬೆರಳೆತ್ತಿ ಮನೆಯನ್ನು ತೋರಿಸಿದರು. “ಸ್ಕೂಲಿಂದ ಬರ್ತಾ ಹೀಗೇ ಕಾಣ್ತಿತ್ತು,” ಎಂದರು. “ಬಾಗಿಲು ತೆರೆದಿದ್ರೆ ಅಮ್ಮ ಒಳಗಿದಾಳೆ ಅಂತ. ತೆರೆದಿದೆ ನೋಡಿ.”

ಬಾಗಿಲು ತೆರೆದೇ ಇತ್ತು. ಕೀಲು ಸಣ್ಣದಾಯಿತೆಂದು ಅದನ್ನು ಅರೆತೆರೆದಂತೆ ಅಂಟಿಸಿದ್ದು ಅವನಿಗೆ ನೆನಪಾಯಿತು.

“ಗಾಡಿ ಬಿಡ್ರಿ,” ಎಂದಳು ಹೆಂಡತಿ, ಕನ್ನಡಿಯ ತುದಿಯಿಂದ.

ಗಾಡಿಯನ್ನು ಸುರಂಗಕ್ಕೆ ಹಿಂದೆ ಸರಿಸಿ, ಗುಂಡಿಯ ಪೆಟ್ಟಿಗೆಯನ್ನು ತಂತಿಸಮೇತ ಕೈಗೆತ್ತಿಕೊಂಡು ಅತ್ತೆಯ ಪಕ್ಕ ಮತ್ತೆ ಮಂಡಿಯೂರಿ, ಗುಂಡಿ ತಿರುಗಿಸಿದ.

ಕನ್ನಡಿಯ ಬಲತುದಿಯ ಗುಡ್ಡದಿಂದ ಎಂಜಿನ್ನು ಹೊರಬಂತು.

“ಇಷ್ಟು ಜೋರಾಗಿ ಬರ್ತಿರಲಿಲ್ಲ,” ಎಂದು ಪಿಸುಗುಟ್ಟಿದರು ಅತ್ತೆ. ಅವನು ವೇಗ ತಗ್ಗಿಸಿದ. ಗಾಡಿ ಮನೆಯ ಮುಂದೆ ಬರುವಷ್ಟರಲ್ಲಿ ಕುರ್ಚಿ ಕಿರುಗುಟ್ಟಿತು. ಅತ್ತೆಯ ಕೈ ಅವನ ಹೆಗಲ ಮೇಲೆ ಭಾರವಾಗಿ ಬಿತ್ತು. ಅದನ್ನೇ ಊರುಗೋಲಾಗಿಸಿ ಎದ್ದರು. ಬೆನ್ನು ನೆಟ್ಟಗಾಯಿತು. ಎರಡೂ ಕೈ ಮೈಗೆ ಅಂಟಿಸಿ, ಶಾಲೆಯ ಮಕ್ಕಳು ನಿಲ್ಲುವ ಹಾಗೆ ನಿಂತರು. ಅವನೂ ಎದ್ದ. ಭಾವಮೈದ ಕನ್ನಡಿ ಹಿಡಿದುಕೊಂಡೇ ಬಗ್ಗಿದ್ದ ಬೆನ್ನನ್ನು ಮೇಲಕ್ಕೆತ್ತಿದ.

ಎಂಜಿನ್ನು ಟ್ಯಾಂಕಿನ ಕೆಳಗೆ ನಿಂತಿತು. ನೀರು ಕುಡಿಯುವಷ್ಟು ಹೊತ್ತು ಅವನು ಮನಸ್ಸಿನಲ್ಲೇ ಎಣಿಸಿದ. ಮತ್ತೆ ಗುಂಡಿ ತಿರುಗಿಸಿದ. ಒಂದು, ಎರಡು, ಮೂರು, ನಾಲ್ಕು ಡಬ್ಬಿಗಳು ಕನ್ನಡಿಯ ಎಡ ಅಂಚಿನಲ್ಲಿ ಒಂದೊಂದಾಗಿ ಕರಗಿದವು. ಹಳಿ ಖಾಲಿಯಾಯಿತು. ಆಚೆ ಬದಿಯಲ್ಲಿ ಹಸಿರು ಬಾಗಿಲು, ತೆರೆದದ್ದು.

ಅತ್ತೆ ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಆಮೇಲೆ ಹಳಿ ದಾಟಲೆಂದು ಒಂದು ಹೆಜ್ಜೆ ಮುಂದಿಟ್ಟರು.

ಮಗಳು ಕನ್ನಡಿಯನ್ನು ಅಲುಗಾಡದ ಹಾಗೆ ಹಿಡಿದುಕೊಂಡಳು.