ಭಿನ್ನಮತದ ಟಿಪ್ಪಣಿ

“ನಿಲ್ಸಪ್ಪಾ! ಇದೇನು ಶ್ರದ್ಧಾಂಜಲಿನೋ ಪರೀಕ್ಷೆ ಉತ್ತರಾನೋ?” ಎನ್ನುತ್ತ ಯಜಮಾನರು ಕಾಗದ ಕಸಿದುಕೊಂಡರು.

ಅಡುಗೆಮನೆಯ ಮೇಜಿನೆದುರು ಶಿಷ್ಯ ಪೆಚ್ಚಾಗಿ ಕುಳಿತ. ಈಗ ಅವನೇ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ವಿಭಾಗದ ಮುಖ್ಯಸ್ಥ. ಒಳಕೋಣೆಯಲ್ಲಿ ಅವನ ಪ್ರೊಫೆಸರರ, ಅಂದರೆ ಯಜಮಾನರ ಹೆಂಡತಿಯ, ದೇಹವನ್ನು ಮಲಗಿಸಲಾಗಿತ್ತು. ಕೇಂದ್ರಕ್ಕೆಷ್ಟು, ಪ್ರಾಂತ್ಯಕ್ಕೆಷ್ಟು, ಊರಿಗೆಷ್ಟು ಅಧಿಕಾರ ಎಂಬುದನ್ನೇ ಜೀವಮಾನವಿಡೀ ಓದಿ, ಓದಿಸಿದವರು.

“ತಪ್ಪೇನಿದೆ ಸಾರ್?”

“ಉಸಿರಿಗೊಂದು ಅಲ್ಪವಿರಾಮ! ಅವಳ ಪುಸ್ತಕ ಒಂದೂ ನಂಗೆ ತಲೆಗೆ ಹತ್ತಲಿಲ್ಲ. ಆದ್ರೆ ಎಲ್ಲದರ ಕರಡು ತಿದ್ದಿದೋನು ನಾನೇ.” ಅವರು ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು.

ಮಗಳು ಅಳುತ್ತಲೇ ನಕ್ಕಳು. “ಆ ಸಮಿತಿ ವಿಷಯಾನೇ ಬಿಟ್ಟಿದ್ದೀರಲ್ಲ?”

“ಅಲ್ಲಿ ಮೇಡಂ ಸೋತ್ರಲ್ವಾ,” ಶಿಷ್ಯ ದನಿ ತಗ್ಗಿಸಿದ. “ಇವತ್ತ್ಯಾಕೆ ಅಂತ...”

*

ಹದಿನೈದು ವರ್ಷದ ಹಿಂದಿನ ಮಾತು. ಸಣ್ಣ ಊರುಗಳ ಚುನಾಯಿತ ಪರಿಷತ್ತುಗಳನ್ನು ಮುಚ್ಚಿ ಅಧಿಕಾರಿಗಳನ್ನು ಕೂರಿಸಬಹುದೇ ಎಂದು ತಿಳಿಯಲು ಸರ್ಕಾರ ಸಮಿತಿ ಮಾಡಿತ್ತು. ಒಂಬತ್ತು ಜನರಲ್ಲಿ ಎಂಟು ಮಂದಿ ಹೂಂಗುಟ್ಟಿ ಸಹಿ ಹಾಕಿದರು.

“ನಿಮ್ದೊಂದು ಸಹಿ ಮೇಡಂ. ಸರ್ಕಾರದ ಹೊಸ ಸಂಸ್ಥೆಯ ನಿರ್ದೇಶಕಿ ಹುದ್ದೆ ನಿಮಗೇ,” ಎಂದರು ಅಧ್ಯಕ್ಷರು.

ಆಕೆ ಮನೆಗೆ ಬಂದು ಸಹಿಯ ಬದಲು ನಲವತ್ತು ಪುಟದ ಭಿನ್ನಮತದ ಟಿಪ್ಪಣಿ ಬರೆದರು. ಕೊನೆಯ ಪುಟ ತಿದ್ದುತ್ತ ಗಂಡ ಕೇಳಿದರು, “ಇದನ್ನ ಯಾರೇ ಓದ್ತಾರೆ?”

“ನೀವು ಓದಿದ್ರಲ್ಲ, ಒಬ್ಬರಾಯ್ತು.”

ಹುದ್ದೆ ಬೇರೆಯವರ ಪಾಲಾಯಿತು. ಟಿಪ್ಪಣಿ ವರದಿಯ ಬಾಲದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿ ಮೂಲೆ ಸೇರಿತು. ಆಕೆ ಮತ್ತೆ ಆ ಮಾತೆತ್ತಲಿಲ್ಲ. ಮರುದಿನ ಎಂದಿನಂತೆ ಪಾಠಕ್ಕೆ ಹೋದರು.

*

ಇನ್ನೇನು ಅಂತ್ಯಕ್ರಿಯೆಗೆ ಹೊರಡಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಅಪರಿಚಿತ ಹೆಂಗಸೊಬ್ಬಳು ಕಾಣಿಸಿಕೊಂಡಳು. ದೂರದೂರಿನ ಪರಿಷತ್ತಿನ ಅಧ್ಯಕ್ಷೆಯಂತೆ. ಎರಡು ಬಸ್ಸು ಬದಲಿಸಿ ಬಂದಿದ್ದಳು.

“ಆ ಹಳೇ ಸಮಿತಿ ವರದಿ ಹಿಡ್ಕೊಂಡು ನಮ್ಮ ಪರಿಷತ್ತನ್ನ ಮುಚ್ಚೋಕೆ ಹೊರಟಿದ್ರು. ಕೋರ್ಟಲ್ಲಿ ನಮ್ಮ ವಕೀಲರು ಅಮ್ಮನವರ ಟಿಪ್ಪಣಿನೇ ಓದಿದ್ದು. ಹೋದ ತಿಂಗಳು ತೀರ್ಪು ಬಂತು, ಉಳ್ಕೊಂಡ್ವಿ. ಬಂದು ಹೇಳ್ಬೇಕು ಅಂತಿದ್ದೆ... ತಡ ಆಗೋಯ್ತು.”

ಯಜಮಾನರು ಅವಳ ಕೈ ಹಿಡಿದು ಒಳಕೋಣೆಗೆ ಕರೆದೊಯ್ದರು. “ಅವಳಿಗೇ ಹೇಳಮ್ಮ.”

ಅವಳು ಬಗ್ಗಿ, ಎಲ್ಲವನ್ನೂ ಮೊದಲಿಂದ ಹೇಳಿದಳು. ಆಮೇಲೆ ಫೋನು ಹೊರತೆಗೆದು ಊರಿಗೆ ಕರೆ ಮಾಡಿದಳು. “ಇವತ್ತು ನಮ್ಮ ಪರಿಷತ್ತಿನ ಸಭೆ ಇದೆ. ಎಲ್ಲರೂ ಕಾಯ್ತಿದ್ದಾರೆ.” ಫೋನನ್ನು ದಿಂಬಿನ ಪಕ್ಕ ಹಿಡಿದು, “ಎಲ್ಲಾ ಎದ್ದು ನಿಲ್ರಪ್ಪಾ,” ಎಂದಳು.

ಎಲ್ಲೋ ದೂರದ ಸಭಾಂಗಣದಲ್ಲಿ ಕುರ್ಚಿಗಳು ಒಂದೊಂದಾಗಿ ನೆಲಕ್ಕುಜ್ಜುತ್ತ ಹಿಂದೆ ಸರಿಯುವ ಸದ್ದು ಕೋಣೆಯನ್ನೆಲ್ಲ ತುಂಬಿತು.